ಕೆಂಪು ಗೂಡಿಗೆ ಕೆಂಪು ಕೋಳಿ

ನಕ್ಷೆ ಓದಲು, ಕಂಪಾಸ್ ಹಿಡಿದು ಕಾಡುಮೇಡು ಸುತ್ತಲು ನನಗೆ ಬರುತ್ತದೆ ಎಂದು ಆಫೀಸಿನಲ್ಲಿ ಸುದ್ದಿ ಹಬ್ಬಿಸಿದವನು ನಾನೇ. ಸಿಗ್ನಲ್ ಇಲ್ಲದ ಕಡೆ ಮೊಬೈಲ್ ಕೈಕೊಟ್ಟರೆ ಏನು ಮಾಡ್ತೀರಿ ಎಂದು ಊಟದ ಹೊತ್ತಿನಲ್ಲಿ ಎಲ್ಲರನ್ನೂ ಹೆದರಿಸಿದ್ದೆ. ಹೆದರಿದ ನಾಲ್ವರು ಶಿಷ್ಯರಾದರು. ಐದನೆಯವನು ಅಕ್ಕನ ಮಗ, ಆರನೇ ಕ್ಲಾಸು. ದಸರಾ ರಜೆಗೆ ಮಾವನ ಮನೆಗೆ ಬಂದು ಸಿಕ್ಕಿಬಿದ್ದವನು.

ಮೊದಲ ಪಾಠ ನಮ್ಮ ಮನೆಯಲ್ಲೇ. "ಕಂಪಾಸ್ ಇದ್ದವರು ತನ್ನಿ" ಅಂದಿದ್ದೆ. ಹುಡುಗ ಕಂಪಾಸ್ ಬಾಕ್ಸ್ ತೆರೆದು ಕೂತ. ಒಳಗೆ ಕೈವಾರ, ಕೋನಮಾಪಕ, ಹಲ್ಲಿನ ಗುರುತಿದ್ದ ರಬ್ಬರ್. ನಗೋಣ ಅಂದುಕೊಂಡೆ. ಅಷ್ಟರಲ್ಲಿ ಅಕೌಂಟ್ಸ್ ಮೇಡಂ ಕೂಡ ಬ್ಯಾಗಿನಿಂದ ಮಗಳ ಕಂಪಾಸ್ ಬಾಕ್ಸನ್ನೇ ತೆಗೆದರು.

ಹಾಗಾಗಿ ನನ್ನ ಕಂಪಾಸೇ ಎಲ್ಲರಿಗೂ ಗತಿ. ಅದು ಕಾರಿನ ಖಾನೆಯಲ್ಲಿ ಟೋಲ್ ಚೀಟಿ, ಚಾರ್ಜರ್, ಮೊಬೈಲ್ ಅಂಟಿಸುವ ಹೋಲ್ಡರ್ ಜೊತೆ ಬಿದ್ದಿತ್ತು. ಕೊನೆಯ ಸಲ ಉಪಯೋಗಕ್ಕೆ ಬಂದದ್ದು ಆಗಸ್ಟಿನಲ್ಲಿ, ಭಾವಮೈದ ಸೈಟು ನೋಡಲು ಒಯ್ದಾಗ.

ಕಷ್ಟವಾದದ್ದು ನಕ್ಷೆಯ ಮೇಲಿನ ಕಂದು ಗೆರೆಗಳು. ಸರ್ವೆ ಆಫ್ ಇಂಡಿಯಾದ ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಒಂದು ಕಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರದ ವ್ಯತ್ಯಾಸ. ಇಷ್ಟು ಹೇಳುವಷ್ಟರಲ್ಲಿ ಇಬ್ಬರು ಆಕಳಿಸಿದರು. ಒಬ್ಬರಂತೂ "ಯಾರೋ ರಂಗೋಲಿ ಒರೆಸಿದ ಹಾಗಿದೆ" ಅಂದರು. ಆಗ ನನಗೆ ಹೊಳೆದದ್ದು ಮುದ್ದೆ.

ಅವತ್ತು ಮನೆಯಲ್ಲಿ ರಾಗಿಮುದ್ದೆ, ಬಸ್ಸಾರು. ತಟ್ಟೆಯ ನಡುವೆ ಮುದ್ದೆ ಇಟ್ಟು ಸುತ್ತ ಒಂದು ಸೌಟು ಸಾರು ಬಿಟ್ಟೆ. "ಸಾರು ಮುದ್ದೆಗೆ ತಾಗಿದ ಅಂಚು ನೋಡಿ. ಆ ಅಂಚಿನ ಮೇಲೆ ಎಲ್ಲೇ ಬೆರಳಿಟ್ಟರೂ ಎತ್ತರ ಒಂದೇ." ಇನ್ನೊಂದು ಸೌಟು ಬಿಟ್ಟೆ. ಅಂಚು ಮೇಲೇರಿತು. "ಇದು ಎರಡನೇ ಗೆರೆ." ಮುದ್ದೆಯ ಒಂದು ಪಕ್ಕವನ್ನು ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ ತೋರಿಸಿದೆ. ಇಳಿಜಾರು ಕಡಿಮೆ ಇದ್ದ ಕಡೆ ಗೆರೆಗಳು ದೂರ ದೂರ, ಕಡಿದಾದ ಕಡೆ ಒತ್ತೊತ್ತಾಗಿ. ಎಲ್ಲರ ಮುಖ ಅರಳಿತು. ಮೂರನೇ ಸೌಟಿಗೆ ಸಾರು ತಟ್ಟೆ ಮೀರಿ ನಕ್ಷೆಯ ಮೇಲೆ ಹರಿಯಿತು. ಚಿಕ್ಕಮಗಳೂರು ಜಿಲ್ಲೆಯ ಆ ಭಾಗ ಇವತ್ತಿಗೂ ಹಳದಿ.

ಕಂಪಾಸಿಗೆ ಸೂತ್ರವನ್ನೂ ಕಟ್ಟಿದ್ದೆ. ಬಿಲ್ಲೆಯ ತಳದಲ್ಲಿ ಬರೆದಿರುವ ಬಾಣ ಗೂಡು, ಮುಳ್ಳಿನ ಕೆಂಪು ತುದಿ ಕೋಳಿ. ಬಿಲ್ಲೆ ತಿರುಗಿಸಿ ಬೇಕಾದ ಡಿಗ್ರಿ ಇಟ್ಟುಕೊಳ್ಳಿ. ಕೋಳಿ ಗೂಡು ಸೇರುವ ತನಕ ನೀವೇ ತಿರುಗಿ. ಆಮೇಲೆ ಮೂಗಿನ ನೇರಕ್ಕೆ ನಡೆಯಿರಿ. ಕಂಪಾಸ್ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಕರ್ನಾಟಕದಲ್ಲಿ ಎರಡು ಡಿಗ್ರಿಯಷ್ಟೂ ವ್ಯತ್ಯಾಸವಿಲ್ಲ. ಆ ಎರಡು ಡಿಗ್ರಿಯನ್ನೂ ಹಗುರವಾಗಿ ತೆಗೆದುಕೊಳ್ಳಬಾರದು ಎಂದು ಅರ್ಧ ಗಂಟೆ ಕೊರೆದೆ. ಈಶಾನ್ಯ, ನೈರುತ್ಯಗಳನ್ನು ಮಾತ್ರ ಹೇಳಿಕೊಡಬೇಕಾಗಲಿಲ್ಲ. ವಾಸ್ತು ಪುಣ್ಯದಿಂದ ಎಲ್ಲರಿಗೂ ಬಾಯಿಪಾಠ.

ಪ್ರಾಯೋಗಿಕ ಪರೀಕ್ಷೆಗೆ ಕಳಸದ ಹತ್ತಿರ ಒಂದು ಹೋಂಸ್ಟೇಗೆ ಹೋದೆವು. ತಲುಪಿದಾಗ ಕತ್ತಲು, ಜಿಟಿಜಿಟಿ ಮಳೆ. ಹಜಾರದಲ್ಲಿ ಸಾಲಾಗಿ ಹಾಸಿಗೆ. ಮಲಗುವ ಹೊತ್ತಿಗೆ ಅಕೌಂಟ್ಸ್ ಮೇಡಂ ಕೇಳಿದರು, "ಸಾರ್, ಉತ್ತರ ಯಾವ ಕಡೆ? ತಲೆ ಹಾಕಬಾರದಲ್ವಾ." ಎರಡು ವಾರದ ಪಾಠದಲ್ಲಿ ಯಾರಾದರೂ ತಾವಾಗಿ ಕಂಪಾಸ್ ಕೇಳಿದ್ದು ಅದೇ ಮೊದಲು. ಶಾಸ್ತ್ರೋಕ್ತವಾಗಿ ನೋಡಿ, ಉತ್ತರ ಕಿಟಕಿ ಕಡೆ ಎಂದು ಸಾರಿದೆ. ಆರು ದಿಂಬುಗಳೂ ಬಾಗಿಲ ಕಡೆ ಹೋದವು. ಕಂಬಳಿ ಕೊಡಲು ಬಂದ ಮನೆಯ ಅಮ್ಮ ಒಂದು ಕ್ಷಣ ನಿಂತು, "ಹೀಗೇ ಮಲಗುದಾ?" ಅಂದರು. "ಕಂಪಾಸ್ ನೋಡೇ ಹಾಕಿದ್ದು ಅಮ್ಮ" ಅಂದೆ. ಅವರು ಮತ್ತೆ ಮಾತಾಡಲಿಲ್ಲ.

ಬೆಳಿಗ್ಗೆ ದಟ್ಟ ಮಂಜು. ಸೂರ್ಯನ ಸುಳಿವಿಲ್ಲ. ಕಂಪಾಸ್ ಪಾಠಕ್ಕೆ ಇದಕ್ಕಿಂತ ಒಳ್ಳೆ ದಿನ ಬೇಕಾ? ಈಶಾನ್ಯಕ್ಕೆ 800 ಮೀಟರ್ ದೂರದಲ್ಲಿ ಒಂದು ಬೋಳು ಗುಡ್ಡ. ಡಿಗ್ರಿ ಇಟ್ಟೆವು, ಕೋಳಿ ಗೂಡು ಸೇರಿತು, ಕಾಫಿ ತೋಟದ ನಡುವೆ ಹೊರಟೆವು. ಹೆಜ್ಜೆ ಎಣಿಸುವ ಕೆಲಸ ಹುಡುಗನಿಗೆ. ಉಂಬಳ ಹತ್ತಿದಾಗಲೆಲ್ಲ ಅವನಿಗೆ ಲೆಕ್ಕ ತಪ್ಪುತ್ತಿತ್ತು.

ಸ್ವಲ್ಪ ದೂರ ಹೋದ ಮೇಲೆ ಒಬ್ಬರು, "ಸಾರ್, ಎಡಕ್ಕೆ ಹಳ್ಳ ಸಿಗಬೇಕಿತ್ತಲ್ಲ?" ಅಂದರು. ಸರ್ವೆ ಹಳೆಯದು, ಮಳೆಗೆ ಹಳ್ಳಗಳು ದಾರಿ ಬದಲಿಸುತ್ತವೆ ಅಂದೆ. 1767ರಿಂದ ಅಳೆಯುತ್ತಾ ಬಂದ ಸಂಸ್ಥೆಯ ಮೇಲೆ ತಪ್ಪು ಹೊರಿಸಲು ನನಗೆ ಅರೆಕ್ಷಣ ಸಾಕಾಯಿತು. ಮತ್ತೆ ನೂರು ಹೆಜ್ಜೆಗೆ ಅಕೌಂಟ್ಸ್ ಮೇಡಂ ನಿಂತರು. "ನಾವು ಮುದ್ದೆ ಹತ್ತಬೇಕಿತ್ತು. ಸಾರಿನ ಕಡೆ ಇಳೀತಾ ಇದ್ದೀವಿ."

ಆಗ ನನ್ನ ಬ್ರಹ್ಮಾಸ್ತ್ರ ತೆಗೆದೆ. ಕುದುರೆಮುಖ ಇಲ್ಲಿಗೆ ಹತ್ತಿರ. 2005ರ ಕೊನೆಗೆ ಗಣಿಗಾರಿಕೆ ನಿಲ್ಲುವ ತನಕ ಅಲ್ಲಿ ತೆಗೆಯುತ್ತಿದ್ದದ್ದು ಮ್ಯಾಗ್ನಟೈಟ್ ಅದಿರು. ಅಂಥ ಅದಿರು ಪಕ್ಕದಲ್ಲಿದ್ದರೆ ಕಂಪಾಸಿನ ಮುಳ್ಳು ಅತ್ತಿತ್ತ ವಾಲುತ್ತದೆ. ಇದೆಲ್ಲ ನಿಜವೇ. ಶಿಷ್ಯರು ಕಾಲಡಿಯ ಮಣ್ಣನ್ನು ಗೌರವದಿಂದ ನೋಡಿದರು.

ಕೊನೆಗೆ ಗುಡ್ಡದ ಬದಲು ಡಾಂಬರು ರಸ್ತೆ ಸಿಕ್ಕಿತು. ರಸ್ತೆ ಬದಿ ಒಂದು ಚಾ ಅಂಗಡಿ. ಅಂಗಡಿಯವರು ಘಟ್ಟದ ಕೆಳಗಿನವರು. ಮೂಡುಬಿದಿರೆ, ಪಡುಬಿದ್ರಿ ಅಂತ ಊರಿನ ಹೆಸರಲ್ಲೇ ದಿಕ್ಕು ಕಟ್ಟಿಕೊಂಡ ಸೀಮೆಯವರು.

"ಗುಡ್ಡ ಮೂಡು ಬದಿಗೆ ಮಾರಾಯ್ರೆ. ನೀವು ಪಡುವಕ್ಕೆ ಬಂದ್ರಲ್ಲ!"

ಕಂಪಾಸ್ ಮುಂದೆ ಹಿಡಿದೆ. ಅವರು ಅದನ್ನು ನೋಡಲೇ ಇಲ್ಲ. ಗೋಡೆಯ ಮೇಲಿನ ಗಣಪತಿ ಫೋಟೋ ತೋರಿಸಿದರು. "ದೇವರನ್ನು ಮೂಡಕ್ಕೆ ಮುಖ ಮಾಡಿ ಇಟ್ಟು ಇಪ್ಪತ್ತು ವರ್ಷ ಆಯ್ತು. ನಿಮ್ಮ ಡಬ್ಬಿಗೆ ಎಷ್ಟು ವರ್ಷ?"

ಹುಡುಗ ಮೊಬೈಲಿನ ಕಂಪಾಸ್ ತೆರೆದು ಪಕ್ಕದಲ್ಲಿಟ್ಟ. ಗಣಪತಿ ಮತ್ತು ಮೊಬೈಲ್ ಒಂದು ಪಕ್ಷ, ನಾನೊಬ್ಬನೇ ಇನ್ನೊಂದು ಪಕ್ಷ. ಆಗ ನೆನಪಾದದ್ದು ಕಾರಿನ ಖಾನೆಯ ಹೋಲ್ಡರ್. ಅದರ ಹಿಂದೆ ಇರುವುದು ಜೋರಾದ ಅಯಸ್ಕಾಂತ. ಅಂಥದ್ದರ ಪಕ್ಕ ಬಿದ್ದರೆ ಕಂಪಾಸಿನ ಮುಳ್ಳಿನ ಧ್ರುವವೇ ಉಲ್ಟಾ ಆಗಬಹುದು. ಆಗಿತ್ತು. ಕೆಂಪು ತುದಿ ನಿಯತ್ತಾಗಿ ದಕ್ಷಿಣ ತೋರಿಸುತ್ತಿತ್ತು. ಎರಡು ಡಿಗ್ರಿಗೆ ಅರ್ಧ ಗಂಟೆ ಕೊರೆದವನು 180 ಡಿಗ್ರಿ ತಪ್ಪಿದ್ದೆ.

ಎಲ್ಲರೂ ಸುಮ್ನೆ ಚಾ ಕುಡಿದೆವು. ಅಕೌಂಟ್ಸ್ ಮೇಡಂ ಲೋಟ ಕೆಳಗಿಟ್ಟು ನಿಧಾನಕ್ಕೆ ಕೇಳಿದರು, "ಹಾಗಾದ್ರೆ ಸಾರ್, ರಾತ್ರಿ ನಾವೆಲ್ಲ ತಲೆ ಹಾಕಿದ್ದು?"

ನಾನು ಉತ್ತರ ಕೊಡಲಿಲ್ಲ. ನನ್ನ ತಲೆ ಅಷ್ಟರಲ್ಲಿ ಆಗಸ್ಟ್ ತಿಂಗಳಿಗೆ ಹೋಗಿತ್ತು. ಭಾವಮೈದ ಸೈಟಿನ ನಡುವೆ ನಿಂತು ಫೋನ್ ಮಾಡಿದ್ದ. "ಭಾವ, ನಿಮ್ಮ ಕಂಪಾಸಲ್ಲೇ ನೋಡ್ದೆ. ಪಕ್ಕಾ ಪೂರ್ವ ದಿಕ್ಕಿನ ಸೈಟು. ಸ್ವಲ್ಪ ಜಾಸ್ತಿ ಕೇಳ್ತಿದ್ದಾರೆ, ಪರವಾಗಿಲ್ಲ, ಅಡ್ವಾನ್ಸ್ ಕೊಟ್ಟುಬಿಟ್ಟೆ."