ಮನೆಯವರಿಗೆ ಹೇಳುವವರು ಯಾರು?

ನಿನ್ನೆ ಪರಿಚಯದವರ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಅಡುಗೆಮನೆಯ ಮೂಲೆಯಲ್ಲಿ ಒಂದು ತಟ್ಟೆ, ಒಂದು ಲೋಟ ಬೇರೆಯಾಗಿ ಕವುಚಿಟ್ಟಿದ್ದವು. ಲೋಟದ ಅಂಚಿಗೆ ಕೆಂಪು ನೇಲ್ ಪಾಲಿಶ್‌ನ ಗುರುತು. ನಾನು ಕೇಳುವ ಮೊದಲೇ ಆ ತಾಯಿ ದನಿ ತಗ್ಗಿಸಿ, "ಅದು ಅವನದು ಮೇಡಂ. ಮೊಮ್ಮಕ್ಕಳಿರುವ ಮನೆ ನೋಡಿ" ಎಂದರು. ಅವನು ಎಂದರೆ ಅವರು ಹೆತ್ತ ಮಗ. ಎಚ್‌ಐವಿ ಇರುವುದು ತಿಳಿದಂದಿನಿಂದ ಆ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ನುಂಗುತ್ತಿರುವವನು.

ಅರ್ಧ ಆಯುಷ್ಯವನ್ನು ರಕ್ತಪರೀಕ್ಷೆಯ ಲ್ಯಾಬಿನಲ್ಲೇ ಕಳೆದ ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ನನ್ನ ಸಿಟ್ಟು ಆ ತಾಯಿಯ ಮೇಲಲ್ಲ. ತಟ್ಟೆ, ಲೋಟ, ಟವೆಲ್, ಶೌಚಾಲಯ, ಸೊಳ್ಳೆ ಇವುಗಳಿಂದ ಎಚ್‌ಐವಿ ಹರಡುವುದಿಲ್ಲ ಎಂದು ಅವರನ್ನು ಎದುರಿಗೆ ಕೂರಿಸಿಕೊಂಡು ಯಾರಾದರೂ ಹೇಳಿದ್ದಾರೆಯೇ? ಗೋಡೆಬರಹ ಬಂದವು, ಜಾಥಾ ನಡೆದವು, ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೆ ಕೆಂಪು ರಿಬ್ಬನ್ ಕಟ್ಟಿದರು. ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕರು ಮಗನೊಂದಿಗೆ ಮಾತನಾಡಿದರು. ಅವನ ಅನ್ನ ಬಡಿಸುವ ಕೈಗಳಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ.

ಗೋಪ್ಯತೆ ಕಾಪಾಡಬೇಕಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಖಂಡಿತ ಕಾಪಾಡಬೇಕು. ಒಪ್ಪಿಗೆಯಿಲ್ಲದೆ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಬಯಲು ಮಾಡಬಾರದು ಎಂದು 2017ರ ಎಚ್‌ಐವಿ/ಏಡ್ಸ್ ಕಾಯ್ದೆಯೇ ಹೇಳುತ್ತದೆ. ಆದರೆ ಈ ಮನೆಯಲ್ಲಿ ಗುಟ್ಟು ಎಂಬುದೇ ಉಳಿದಿಲ್ಲ, ಲೋಟಕ್ಕೂ ಗುರುತು ಬಿದ್ದಾಗಿದೆ. ಇಲ್ಲಿ ಗೋಪ್ಯತೆಯ ಮಾತೆತ್ತುವುದು ಕೆಲಸ ತಪ್ಪಿಸಿಕೊಳ್ಳುವ ನೆಪ. ಮನೆಯ ಯಾವ ಭಾಗದಿಂದಲೂ ಎಚ್‌ಐವಿ ಇರುವವರನ್ನು ಹೊರಗಿಡಬಾರದು, ಮನೆಯ ಸೌಕರ್ಯಗಳನ್ನು ಎಲ್ಲರಂತೆ ಬಳಸಲು ಬಿಡಬೇಕು ಎಂದು ಅದೇ ಕಾಯ್ದೆಯಲ್ಲಿ ಇದೆ. ಅದನ್ನು ಎಷ್ಟು ಮನೆಗಳಿಗೆ ತಲುಪಿಸಿದ್ದೇವೆ?

ಇಷ್ಟು ದಿನ ಇಲ್ಲಿ ಬರೆಯದ ಒಂದು ಮಾತು. ನನ್ನ ತಮ್ಮ ಹೋದದ್ದು ಇದೇ ಕಾಯಿಲೆಯಿಂದ. ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿದ್ದು 2004ರ ಏಪ್ರಿಲ್‌ನಲ್ಲಿ. ಅವನು ಅಲ್ಲಿಯವರೆಗೆ ಉಳಿಯಲಿಲ್ಲ. ಅಮ್ಮ ಅವನ ಹಾಸಿಗೆಯನ್ನು ಜಗುಲಿಗೆ ಹಾಕಿದ್ದಳು. ಆಗ ಕೈಗೆಟುಕುವ ಔಷಧಿಯೂ ಇರಲಿಲ್ಲ, ತಿಳಿದು ಹೇಳುವವರೂ ಇರಲಿಲ್ಲ. ಈಗ ಮಾತ್ರೆ ಸರಿಯಾಗಿ ತೆಗೆದುಕೊಂಡು, ವೈರಾಣು ಪರೀಕ್ಷೆಯಲ್ಲಿ ಕಾಣದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದಲೂ ಸಂಗಾತಿಗೆ ಹರಡುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಹರಡುವ ಸಾಧ್ಯತೆ ಶೇ. 15ರಿಂದ 45, ಸರಿಯಾದ ಚಿಕಿತ್ಸೆಯಿಂದ ಅದನ್ನು ಶೇ. 5ಕ್ಕಿಂತ ಕೆಳಗೆ ಇಳಿಸಬಹುದು. ಇಷ್ಟೆಲ್ಲ ಗೊತ್ತಿದ್ದೂ 2004ಕ್ಕೆ ಹಿಂದಿನ ಆ ಜಗುಲಿಯನ್ನೇ ಇನ್ನೊಂದು ಮನೆಯಲ್ಲಿ ನೋಡಬೇಕೆಂದರೆ ನನ್ನಿಂದ ಸಹಿಸಲು ಆಗುವುದಿಲ್ಲ.

ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಯಾರಿಗಾದರೂ ಬೇಕಾದರೆ: 1097 ಉಚಿತ ಸಹಾಯವಾಣಿ. ಮನೆಯವರೂ ಕರೆ ಮಾಡಿ ಕೇಳಬಹುದು. ಚಿಕಿತ್ಸೆಯಲ್ಲಿರುವವರು ಒಪ್ಪಿದರೆ ಮುಂದಿನ ಬಾರಿ ಮಾತ್ರೆ ತರಲು ಎಆರ್‌ಟಿ ಕೇಂದ್ರಕ್ಕೆ ಜೊತೆಯಲ್ಲೇ ಹೋಗಿ, "ನಮ್ಮೊಂದಿಗೂ ಮಾತನಾಡಿ" ಎಂದು ಆಪ್ತ ಸಮಾಲೋಚಕರನ್ನು ಕೇಳಿ. ಆ ತಾಯಿಯನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಮಗ ಒಪ್ಪಿದ್ದಾನೆ.