ಕಿಟಕಿ ಕದ: ಒಳಗಿನದು ಹೊರಗೆ ಬಾಳುವುದಿಲ್ಲ

‘ಎಂಡಿಎಫ್ ಹಲಗೆಗೆ ಎರಡು ಕೋಟ್ ಬಣ್ಣ ಹೊಡೆದರೆ ಸಾಕು, ಕಿಟಕಿಯ ಕದ ಒಳಗೂ ಹೊರಗೂ ಒಂದೇ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಎಂಡಿಎಫ್ ಎಂದರೆ ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ. ಕೋಣೆಯೊಳಗೆ ಅದರ ತಕರಾರಿಲ್ಲ. ಒಣಬಟ್ಟೆಯಲ್ಲಿ ಧೂಳು ಒರೆಸಿದರೆ ಆಯಿತು. ಕರಾವಳಿಯ ಜಡಿಮಳೆಗೆ ಒಡ್ಡಿದರೆ ಮಾತ್ರ ಕೊಯ್ದ ಅಂಚಿನಿಂದ ನೀರು ಕುಡಿದು, ಚಹಾದಲ್ಲಿ ಅದ್ದಿದ ರಸ್ಕಿನಂತೆ ಊದಿಕೊಳ್ಳುತ್ತದೆ. ಊದಿದ್ದು ಒಣಗಿದರೂ ಮೊದಲಿನಂತಾಗದು.

ಹೊರಗಿನ ಕದಕ್ಕೆ ತೇಗ, ಅಲ್ಯೂಮಿನಿಯಂ ಅಥವಾ ಬಿಸಿಲು ತಾಳುವಂತೆ ತಯಾರಿಸಿದ ಯುಪಿವಿಸಿ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಸರಿ. ‘ತೇಗಕ್ಕೆ ಆರೈಕೆಯೇ ಬೇಡ’ ಎಂಬುದೂ ಅರ್ಧ ಸತ್ಯವೇ. ಅದರ ತಿರುಳು ಗೆದ್ದಲಿಗೆ ಸುಲಭದಲ್ಲಿ ಜಗ್ಗುವುದಿಲ್ಲ ನಿಜ, ತಿರುಳಿನ ಸುತ್ತಲಿನ ಬಿಳಿ ಭಾಗಕ್ಕೆ ಆ ತಾಕತ್ತಿಲ್ಲ. ಒಳಾಂಗಣದ ವಾರ್ನಿಷ್ ಬಿಸಿಲಿಗೆ ಬಿರಿದು ಸಿಪ್ಪೆಯೇಳುತ್ತದೆ. ಹೊರಾಂಗಣದ್ದನ್ನೇ ಕೇಳಿ ತನ್ನಿ. ಬಣ್ಣದವರು ಸಾಮಾನ್ಯವಾಗಿ ಮರೆಯುವ ಜಾಗ ಕದದ ಕೆಳಅಂಚು, ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ! ಬೆರಳಾಡಿಸಿ ನೋಡಿ, ಒರಟು ಮರ ತಾಗಿದರೆ ಮಳೆಗಾಲಕ್ಕೆ ಮುಂಚೆ ಅಲ್ಲಿಗೊಂದು ಕೋಟ್ ಹೊಡೆಸಿ. ಸಮುದ್ರದ ಬದಿಯ ಮನೆಯಾದರೆ ಕಬ್ಬಿಣದ ಕೀಲು ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ, ಹಿತ್ತಾಳೆಯದು ಹಾಕಿಸಿ.