ಮರದ ಬುಡಕ್ಕೆ ಸಿಮೆಂಟ್ ಸುರಿಯುವುದನ್ನು ನಿಲ್ಲಿಸಿ!

ನಮ್ಮ ರಸ್ತೆಯ ಹೊಂಗೆ ಮರಗಳ ಬುಡಕ್ಕೆ ಮತ್ತೆ ಸಿಮೆಂಟ್ ಸುರಿದಿದ್ದಾರೆ. ಬೆಂಗಳೂರಿನಲ್ಲಿ ಇದು ಹೊಸದಲ್ಲ, ಆದರೆ ನನಗಂತೂ ಇನ್ನು ತಡೆದುಕೊಳ್ಳಲು ಆಗುತ್ತಿಲ್ಲ. ಫುಟ್‌ಪಾತ್ ರಿಪೇರಿ ಅಂತ ಕಾಂಡಕ್ಕೇ ಅಂಟಿಸಿ ಕಾಂಕ್ರೀಟ್ ಹಾಕಿದ್ದಾರೆ. ಒಂದು ಗೇಣು ಮಣ್ಣೂ ಬಿಟ್ಟಿಲ್ಲ. ಮಳೆ ನೀರು ಎಲ್ಲಿಂದ ಇಳಿಯಬೇಕು?

ಮರಕ್ಕೆ ನೀರು ಕುಡಿಸುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಅವಕ್ಕೆ ಗಾಳಿಯೂ ಬೇಕು. ಚರಂಡಿಗೆ, ಕೇಬಲ್‌ಗೆ ಅಂತ ಜೆಸಿಬಿ ಅಗೆಯುವುದೂ ಅಲ್ಲೇ. ದಪ್ಪ ಬೇರು ಅಡ್ಡ ಬಂದರೆ ಕಡಿದು ಮುಂದೆ ಹೋಗುತ್ತಾರೆ. ಆಮೇಲೆ ಕರೆಂಟ್ ತಂತಿಗೆ ತಾಗುತ್ತದೆ ಅಂತ ಒಂದೇ ಪಕ್ಕದ ಕೊಂಬೆ ಕಡಿಯುತ್ತಾರೆ. ಕೆಳಗೆ ಹಿಡಿತವಿಲ್ಲ, ಮೇಲೆ ಭಾರವೆಲ್ಲ ಒಂದೇ ಕಡೆ. ಮೇ ತಿಂಗಳ ಗಾಳಿಮಳೆಗೆ ಬೀಳದೆ ಇನ್ನೇನಾಗುತ್ತದೆ? ಬಿದ್ದ ಮೇಲೆ ತಪ್ಪೆಲ್ಲ ಮರದ್ದೇ! 'ಅಪಾಯಕಾರಿ ಮರ' ಅಂತ ಹೆಸರಿಟ್ಟು, ಪಕ್ಕದಲ್ಲಿ ಗಟ್ಟಿಯಾಗಿರುವುದನ್ನೂ ತೆಗೆಸಿ ಅಂತ ಅರ್ಜಿ ಕೊಡುತ್ತಾರೆ. ಜಖಂ ಆದ ಕಾರಿಗೆ ಪರಿಹಾರ ಕೇಳುವವರಿದ್ದಾರೆ. ಗೂಡಿನ ಜೊತೆ ನೆಲಕ್ಕೆ ಬಿದ್ದ ಹದ್ದಿನ ಮರಿಗಳ ಪರವಾಗಿ ಯಾರು ಕೇಳಬೇಕು?

ಕೆಲಸ ಮಾಡಿಸುತ್ತಿದ್ದವರನ್ನು ಕೇಳಿದೆ. "ಪ್ಲಾನ್‌ನಲ್ಲಿ ಮರ ತೋರಿಸಿಲ್ಲ ಸಾರ್" ಅಂದರು. ನನಗೆ ಹೊಟ್ಟೆ ಉರಿದಿದ್ದು ಅಲ್ಲೇ. ದೀಪದ ಕಂಬ ಇದೆ, ಮ್ಯಾನ್‌ಹೋಲ್ ಇದೆ, ಪಾರ್ಕಿಂಗ್ ಗೆರೆ ಇದೆ. ಎಷ್ಟೋ ವರ್ಷಗಳಿಂದ ಅಲ್ಲೇ ನಿಂತಿರುವ ಜೀವ ಮಾತ್ರ ಇಲ್ಲ. ಹೊಂಗೆ ಹೂ ಬಿಟ್ಟಾಗ ಬರುವ ಜೇನುನೊಣಗಳೂ ಈ ಊರಿನವೇ ಅಲ್ವಾ? ಮರ ಇರುವುದು ಬರೀ ನಮ್ಮ ನೆರಳಿಗಲ್ಲ. ಅದಕ್ಕೂ ಬದುಕುವ ಹಕ್ಕಿದೆ, ನೆಲದಲ್ಲಿ ಪಾಲಿದೆ.

ಇದೇ ಊರಿನಲ್ಲಿ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಸುಮಾರು 15 ಲಕ್ಷ ಗಿಡ ನೆಡಿಸಿದರು. ನೆಟ್ಟಿದ್ದನ್ನು ಉಳಿಸಿಕೊಳ್ಳುವುದಕ್ಕೂ ನಮಗೆ ಆಗುತ್ತಿಲ್ಲ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟ್ ತೆಗೆಯಿರಿ ಅಂತ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು. ಅಷ್ಟು ಜಾಗ ಇಲ್ಲಿ ಯಾಕೆ ಬಿಡಬಾರದು?

ಮಳೆಗಾಲ ಶುರುವಾಗುವ ಮೊದಲು ಈ ಸಿಮೆಂಟ್ ಒಡೆಸಿ. ಜೆಸಿಬಿ ತರಬೇಡಿ, ಆಳುಗಳಿಂದ ಕೈಯಲ್ಲೇ ಒಡೆಸಿ. ಉಳಿದಿರುವ ಬೇರುಗಳಿಗಾದರೂ ಪೆಟ್ಟು ಬೀಳದಿರಲಿ.